ಕೈಮರೆಯ ನಗು

ಕೈಯನ್ನು ಪಕ್ಕಕ್ಕೆ ಸರಿಸಿದಾಗ ಅದರ ಹಿಂದೆ ಬಾಯಿಯೇ ಇರಲಿಲ್ಲ.

ಪರದೆಯ ಮೇಲಿನ ತಾಯಿಯ ಚಿತ್ರವನ್ನು ನಾಗಿಸಾ ದಿಟ್ಟಿಸಿದಳು. ಕಂಪ್ಯೂಟರಿನಲ್ಲಿ ಗೊಂಬೆ ಅಲುಗಾಡಬೇಕಾದರೆ ಒಂದೊಂದು ಅಂಗವನ್ನೂ ಬೇರೆ ಬೇರೆ ಪದರದಲ್ಲಿ ಬರೆದುಕೊಡಬೇಕು. ಮುಂದಿನದು ಸರಿದಾಗ ಕಾಣಲಿರುವುದನ್ನೂ ಮೊದಲೇ ಬರೆದಿಟ್ಟಿರಬೇಕು. ಕೂದಲ ಹಿಂದಿನ ಕಿವಿ, ರೆಪ್ಪೆಯಡಿಯ ಕಣ್ಣು ಎಲ್ಲವೂ ಮುಗಿದಿದ್ದವು. ಉಳಿದದ್ದು ನಗುವ ಬಾಯಿ. ಬರೆದಾಗಲೆಲ್ಲ ಅಲ್ಲಿ ಯಾರೋ ಅಪರಿಚಿತಳು ನಕ್ಕಳು. ತಾಯಿ ಇತ್ಸುಕೊ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವವಳು; ಹೆತ್ತ ಮಗಳೂ ಆ ನಗುವನ್ನು ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಇತ್ಸುಕೊಳ ಗಂಟಲಿನ ಶಸ್ತ್ರಚಿಕಿತ್ಸೆ. ಧ್ವನಿ ಉಳಿಯುವ ಭರವಸೆಯನ್ನು ವೈದ್ಯರು ಕೊಟ್ಟಿರಲಿಲ್ಲ. ಒನೊಮಿಚಿ ಊರಿನ ಶಿಶುವಿಹಾರದಲ್ಲಿ ಆಕೆ ಹೇಳುತ್ತಿದ್ದ ಕಥೆಗಳು, ನಡುನಡುವಿನ ನಗುವಿನ ಸಮೇತ, ಧ್ವನಿಮುದ್ರಣವಾಗಿದ್ದವು. ಇನ್ನು ಗೊಂಬೆಯೇ ಅವನ್ನು ಮಕ್ಕಳಿಗೆ ಹೇಳಬೇಕು. ಅದಕ್ಕೆ ಚಲನೆ ಕೊಡುವ ಗೆಳತಿ ಸಂಜೆಯವರೆಗೆ ಮಾತ್ರ ಕಾಯುವೆನೆಂದಿದ್ದಳು.

ಜಗಲಿಯಲ್ಲಿ ತಂದೆ ತೊಕುಜಿ ಒಣಗಿಸಬೇಕಾದ ಕಿತ್ತಳೆ ಬಣ್ಣದ ಕಾಕಿ ಹಣ್ಣುಗಳ ಸಿಪ್ಪೆ ಹೆರೆಯುತ್ತಿದ್ದ. ಪಕ್ಕದಲ್ಲಿ ಇತ್ಸುಕೊ ತೂಗುಹಾಕಲು ಅವಕ್ಕೆ ದಾರ ಕಟ್ಟುತ್ತಿದ್ದಳು. ನಾಗಿಸಾ ಅವರೆದುರು ಬಂದು ಕುಳಿತು, ಕೈಯ ಹಿಂದಿನ ಬಾಯಿ ಬರೆಯಲು ಬರುತ್ತಿಲ್ಲವೆಂದಳು.

"ಕೈ ಅಲ್ಲೇ ಇರ್ಲಿ ಬಿಡೇ," ಎಂದಳು ಇತ್ಸುಕೊ. "ಅದರ ಹಿಂದೆ ಯಾರು ಇಣುಕಿ ನೋಡ್ತಾರೆ?"

"ನಿನ್ನ ಕೈಯಷ್ಟು ಚುರುಕು ಗೊಂಬೆ ಕೈಗೆಲ್ಲಿದೆಯಮ್ಮ? ಅದು ಮೇಲೇರೋ ಅಷ್ಟರಲ್ಲಿ ಬಾಯಿ ಕಂಡೇಬಿಡುತ್ತೆ. ಅದು ನಿಂದಲ್ಲ ಅಂತ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತೆ."

ಇತ್ಸುಕೊ ದಾರವನ್ನು ಬೆರಳಿಗೆ ಸುತ್ತಿಕೊಂಡಳು. ಮದುವೆಯಾಗಿ ಬಂದ ಹೊಸತರಲ್ಲಿ, ನಕ್ಕರೆ ಒಸಡೆಲ್ಲ ಕಾಣುತ್ತದೆಂದು ಅತ್ತೆ ಅಂದಿದ್ದರಂತೆ. ಬೈದು ಹೇಳಿದ್ದಲ್ಲ, ಸುಮ್ಮನೆ ಅಂದದ್ದು. ಅಂದಿನಿಂದ ನಗು ಬಂದೊಡನೆ ಕೈ ತಾನಾಗಿಯೇ ಏಳುತ್ತಿತ್ತು.

"ಒಸಡು ತಾನೆ? ನಾನು ದಿನಾ ನೋಡ್ತೀನಲ್ಲ," ತೊಕುಜಿ ತಲೆಯೆತ್ತದೆ ಹೇಳಿದ. "ಬಾಯಿ ತೆರ್ಕೊಂಡು ಗೊರಕೆ ಹೊಡೆಯುವಾಗ ಇವಳ ಈ ಮರ್ಯಾದೆ ಎಲ್ಲಿಗೆ ಹೋಗಿರುತ್ತೋ."

ಇತ್ಸುಕೊಗೆ ನಗು ಉಕ್ಕಿತು, ಕೈ ಎದ್ದಿತು. ಹಣ್ಣಿನ ರಸ ಅಂಟಿದ ಬೆರಳುಗಳಿಂದಲೇ ತೊಕುಜಿ ಆ ಕೈಯನ್ನು ನಡುದಾರಿಯಲ್ಲಿ ಹಿಡಿದುಕೊಂಡ. ಬಿಡಿಸಿಕೊಳ್ಳಲು ಕೊಸರಾಡಿದಷ್ಟೂ ಅವಳ ನಗು ಹೆಚ್ಚಿತು. ಒಸಡು ಕಂಡಿತು, ಒಂದರ ಮೇಲೊಂದು ಏರಿದ ಹಲ್ಲುಗಳು ಕಂಡವು, ಮೇಲ್ದುಟಿಯ ತುಂಟ ಓರೆ ಕಂಡಿತು. ಬರೆದುಕೊಳ್ಳಬೇಕೆಂಬುದನ್ನೂ ಮರೆತು ನಾಗಿಸಾ ನಕ್ಕುಬಿಟ್ಟಳು.

ಹಾಗೆ ನಕ್ಕವಳ ಕೈ, ಅವಳ ಅರಿವಿಗೇ ಬಾರದಂತೆ, ಅವಳ ಬಾಯಿಯನ್ನು ಮುಚ್ಚಿತ್ತು.

ಇತ್ಸುಕೊಳ ನಗು ನಿಂತಿತು. ಬಿಡುವಾಗಿದ್ದ ತನ್ನ ಇನ್ನೊಂದು ಕೈಯನ್ನು ಚಾಚಿ, ಮಗಳ ಮಣಿಕಟ್ಟನ್ನು ಹಿಡಿದು, ಆಕೆ ಅದನ್ನು ಮೆಲ್ಲಗೆ ಕೆಳಗಿಳಿಸಿದಳು.