ಬಿಳಿ ಪಂಚೆ ಸುತ್ತಿದ ಹಲಗೆ

ಕಾರಿನ ಮೇಲೆ ಮಲಗಿಸಿದ್ದ ಪ್ಯಾಡಲ್‌ಬೋರ್ಡಿಗೆ ಅವಳು ಬಿಳಿ ಪಂಚೆ ಸುತ್ತಿ ಹಗ್ಗ ಬಿಗಿಯುತ್ತಿದ್ದಳು. ಸಮುದ್ರದಲ್ಲಿ ಆ ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ಚಪಲ ಗಂಡನದು. ಕಳ್ಳರು ಹತ್ತಿರ ಸುಳಿಯದಂತೆ ಅದನ್ನು ಹೆಣವಾಗಿಸುವ ಉಪಾಯವೂ ಅವನದೇ.

"ಯಾರಾದ್ರೂ ಕೇಳಿದ್ರೆ ನಿಮ್ಮಮ್ಮ ಹೋದ್ರು ಅನ್ನು."

"ಅಮ್ಮ ಚೆನ್ನಾಗೇ ಇದಾರಲ್ಲ ರೀ."

"ಮತ್ತೆ? ನಮ್ಮಮ್ಮನ್ನ ಸಾಯಿಸ್ಲಾ?"

ದಾರಿಯಲ್ಲಿ ಹೋಟೆಲೊಂದರ ಮುಂದೆ ಕಾರು ನಿಲ್ಲಿಸಿದ. ಅವಳೂ ಇಳಿಯಹೊರಟಾಗ ತಡೆದ.

"ಹೆಣ ಬಿಟ್ಟು ಯಾರಾದ್ರೂ ದೋಸೆ ತಿಂತಾರೇನೇ? ಕಾಯ್ತಾ ಕೂತಿರು. ಕೀ ಇಲ್ಲೇ ಇರುತ್ತೆ, ಏಸಿ ಹಾಕ್ಕೋ. ಆಗಾಗ ಕಣ್ಣೊರೆಸ್ಕೋತಾ ಇರು."

ಒಳಗೆ ಅವನು ಎರಡನೇ ದೋಸೆ ಮುರಿಯುತ್ತಿದ್ದಾಗ ಹೂವು ಮಾರುವ ಮುದುಕಿಯೊಬ್ಬಳು ಬಂದು, ಬಿಳಿ ಪಂಚೆಯ ಮೇಲೆ ಒಂದು ಮೊಳ ಸೇವಂತಿಗೆ ಇಟ್ಟು ಕೈಮುಗಿದಳು. ಕಿಟಕಿಯ ಬಳಿ ಬಗ್ಗಿ ಮೆಲ್ಲಗೆ ಕೇಳಿದಳು:

"ಯಾರವ್ವಾ ಹೋಗಿದ್ದು?"

ಅವಳು ಹೋಟೆಲಿನ ಕಡೆ ಒಮ್ಮೆ ನೋಡಿದಳು. ಅಮ್ಮನ ಊರಿನ ದಾರಿ ಅವಳಿಗೆ ಗೊತ್ತಿತ್ತು. ಡ್ರೈವರ್ ಸೀಟಿಗೆ ಸರಿದು ಬೆಲ್ಟ್ ಹಾಕಿಕೊಂಡಳು.

"ನಮ್ಮ ಯಜಮಾನರು," ಎಂದಳು.