ಎರಡನೇ ಬೇಲಿ

ಎರಡನೇ ಸಮೀಕರಣದ ಕೊನೆಯಲ್ಲಿ ಸೀಮೆಸುಣ್ಣ ಗಕ್ಕನೆ ನಿಂತಿತು. ಕೊನೆಯಿಲ್ಲದೆ ಓಡುವ ವಕ್ರರೇಖೆಗೆ ಎರಡು ಸಮೀಕರಣಗಳ ಬೇಲಿ ಹಾಕಿದರೆ ಅದು ಕದಲಲಾರದೆ ಒಂದೇ ಬಿಂದುವಾಗಿ ಉಳಿಯುತ್ತದೆ ಎಂಬುದೇ ಓರ್ನೆಲ್ಲಾಳ ಪಿಎಚ್.ಡಿ. ಪ್ರಬಂಧ. ಈಗ ನೋಡಿದರೆ ಎರಡನೆಯದು ಬೇರೆ ಬೇಲಿಯೇ ಅಲ್ಲ. ಮೊದಲನೆಯದೇ ವೇಷ ಬದಲಿಸಿ ಕೂತಿತ್ತು. ಒಂದೇ ಬೇಲಿಗೆ ರೇಖೆ ಸಿಕ್ಕಿಬೀಳುವುದಿಲ್ಲ.

ಪರೀಕ್ಷಕರು ಯಾರೂ ಗಮನಿಸಿರಲಿಲ್ಲ. ಬಾಗಿಲಾಚೆ ಗೆಳೆಯರು, ಇಟಲಿಯ ಪಾಡೋವಾ ವಿಶ್ವವಿದ್ಯಾಲಯದ ಪದ್ಧತಿಯಂತೆ, ಲಾರೆಲ್ ಎಲೆಯ ಕಿರೀಟ ಹಿಡಿದು, ಹೊಸ ಡಾಕ್ಟರನ್ನು ಹಂಗಿಸುವ ಪೋಲಿ ಹಾಡನ್ನು ಆಗಲೇ ಶುರುಮಾಡಿದ್ದರು. ನಡುವೆ ಅಪ್ಪನ ಕೆಮ್ಮೂ ಕೇಳಿಸಿತು. ಕೋಣೆಗಿದ್ದದ್ದು ಅದೊಂದೇ ಬಾಗಿಲು.

"ಸಾಕಮ್ಮ, ಒಪ್ಪಿದ್ವಿ," ಎಂದರು ಹಿರಿಯ ಪರೀಕ್ಷಕ ಫಾವರೆಟ್ಟೊ, ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆಯುತ್ತ. "ನಿನ್ನ ರೇಖೆ ಎಲ್ಲಿಗೂ ತಪ್ಪಿಸ್ಕೊಳ್ಳಲ್ಲ. ಹೋಗು, ಪಾಪ ಹೊರಗಡೆ ಗಂಟಲು ಹರ್ಕೋತಿದಾರೆ."

ಹೋಗಬಹುದಿತ್ತು. ಓರ್ನೆಲ್ಲಾ ಒದ್ದೆ ಸ್ಪಂಜು ತೆಗೆದುಕೊಂಡು ಎರಡನೇ ಸಮೀಕರಣವನ್ನು ಪೂರ್ತಿ ಒರೆಸಿದಳು.

"ತಪ್ಪಿಸ್ಕೊಂಡ್ಬಿಡ್ತು, ಪ್ರೊಫೆಸರ್."

ಹೊರಗೆ ಹಾಡಿನಲ್ಲಿ ಅವಳ ಹೆಸರು ಬಂತು. ಕಪ್ಪು ಹಲಗೆಯ ಮುಂದೆ, ಕದಲಲಾರದೆ, ಒಂದೇ ಬಿಂದುವಾಗಿ ಉಳಿದವಳು ಅವಳೊಬ್ಬಳೇ.