ಊಟದ ಹೊತ್ತಿನ ಮೂರು ಜಿಬಿ

ಇವತ್ತೂ ಮೂರು ಜಿಬಿ ಹೊರಗೆ ಹೋಗಿತ್ತು. ಒಂದೂ ಹತ್ತಕ್ಕೆ ಶುರು, ಒಂದೂ ಐವತ್ತಕ್ಕೆ ಮುಕ್ತಾಯ. ಫೋರ್‌ಮನ್ ಕೋಣೆಯ ಕಂಪ್ಯೂಟರಿನಿಂದ.

ಕಂಪ್ಯೂಟರ್ ನೋಡಿಕೊಳ್ಳುವಾಕೆ ತಂದಿಟ್ಟ ಪಟ್ಟಿಯನ್ನು ಪ್ರೆಸ್ಸಿನ ಮಾಲೀಕ ಮೂರು ಸಲ ಓದಿದ. ಆಮೇಲೆ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. ಹಾಕಬೇಕಾದದ್ದೇ. ಕೆಳಗೆ ನಾಲ್ಕು ಮಷಿನ್‌ಗಳಲ್ಲಿ ಅಚ್ಚಾಗುತ್ತಿದ್ದದ್ದು ದೊಡ್ಡ ಪರೀಕ್ಷೆಯ ಪ್ರಶ್ನೆಪತ್ರಿಕೆ. ಅದಕ್ಕೆ ಅಂತ ಗೇಟಿನಲ್ಲೇ ಎಲ್ಲರ ಫೋನ್ ಕಿತ್ತಿಟ್ಟುಕೊಳ್ಳುತ್ತಿದ್ದರು. ಇಂಟರ್ನೆಟ್ ಇದ್ದದ್ದು ಫೋರ್‌ಮನ್ ಕೋಣೆಯಲ್ಲಿ ಮಾತ್ರ, ಅದೂ ಕಾಗದ ತರಿಸೋಕೆ. ಒಂದೇ ಒಂದು ಪ್ರಶ್ನೆ ಹೊರಬಿದ್ದರೂ ಪ್ರೆಸ್ಸಿಗೆ ಬೀಗ, ಅರವತ್ತು ಜನ ಬೀದಿಗೆ, ಮಾಲೀಕ ಕಂಬಿಯ ಹಿಂದೆ.

ಫೋರ್‌ಮನ್‌ಗೆ ಮೂವತ್ತು ವರ್ಷದ ಸರ್ವೀಸು. ಅವನ ತಂಗಿಯ ಮಗಳು ಈ ವರ್ಷವೇ ಆ ಪರೀಕ್ಷೆ ಬರೆಯುವವಳು. ಇದು ಗೊತ್ತಾದ ಮೇಲೆ ಮಾಲೀಕನಿಗೆ ಅವನ ನಗುವೂ ಬೇರೆ ಥರ ಕಾಣತೊಡಗಿತು.

ಮಾರನೇ ದಿನ ಸುಮ್ಮನೆ ಹೋದವನ ಹಾಗೆ ಹೋಗಿ ಬಾಗಿಲಿಗೆ ಒರಗಿ ನಿಂತ.

"ಊಟದ ಹೊತ್ತಲ್ಲೂ ಕಂಪ್ಯೂಟರಾ?"

"ಸ್ನೇಹಿತರಿಗೊಂದು ಫೈಲ್ ಕಳಿಸ್ತಿದೀನಿ ಸಾರ್. ದೊಡ್ಡದು, ಮೇಲ್‌ನಲ್ಲಿ ಹೋಗಲ್ಲ ಅನ್ನತ್ತೆ. ಮೊದ್ಲು ಒಂದ್ಕಡೆ ಏರಿಸ್ಬೇಕು, ಆಮೇಲೆ ಲಿಂಕ್ ಕಳಿಸಿದ್ರೆ ಅವರು ಇಳಿಸ್ಕೋತಾರೆ."

ಕಳ್ಳನಾದವನು ಹೀಗೆ ನೇರವಾಗಿ ಹೇಳುವುದಿಲ್ಲ. ಆದ್ದರಿಂದ ಇವನು ಪಳಗಿದ ಕಳ್ಳ ಎಂದು ಮಾಲೀಕ ತೀರ್ಮಾನಿಸಿದ.

"ಚಿಕ್ಕದು ಮಾಡಿ ಕಳಿಸ್ಬಹುದಲ್ಲ?"

"ಒಂದ್ಸಲ ಮಾಡಿ ಬೈಸ್ಕೊಂಡೆ ಸಾರ್. ಚಿಕ್ಕದು ಮಾಡಿದ್ರೆ ಅವರಿಗೆ ಬೇಕಾಗಿರೋದೇ ಅದರಲ್ಲಿ ಉಳಿಯಲ್ವಂತೆ."

ಪ್ರಶ್ನೆಪತ್ರಿಕೆಯ ಅಕ್ಷರ ಎಷ್ಟು ಸಣ್ಣದೆಂದು ಮಾಲೀಕನಿಗೆ ಚೆನ್ನಾಗಿ ಗೊತ್ತಿತ್ತು. ಚಿಕ್ಕದು ಮಾಡಿದರೆ ಉಳಿಯುವುದಿಲ್ಲ, ನಿಜ.

"ಯಾರು ಆ ಸ್ನೇಹಿತರು?"

"ಹಳಬರು ಸಾರ್," ಅಂದ ಫೋರ್‌ಮನ್, ಡಬ್ಬಿಯ ಮುಚ್ಚಳ ಹಾಕುತ್ತಾ. "ಊಟ ಆಯ್ತಾ ನಿಮ್ದು?"

ಮಾಲೀಕನ ಊಟ ಆಗಿರಲಿಲ್ಲ. ಸಂಜೆ ಮನೆಯಲ್ಲೂ ತಟ್ಟೆ ಮುಂದೆ ಸುಮ್ಮನೆ ಕೂತಿದ್ದ.

"ಏನ್ರೀ, ಯಾರೋ ಸತ್ತವರ ಹಾಗೆ ಮುಖ ಮಾಡ್ಕೊಂಡಿದೀರಿ?" ಅಂದಳು ಹೆಂಡತಿ.

"ಪ್ರೆಸ್ಸಲ್ಲಿ ಒಬ್ಬ ಕಳ್ಳ ಇದಾನೆ ಕಣೇ."

"ಮೆತ್ತಗೆ. ಅಮ್ಮನಿಗೆ ಕೇಳಿಸೀತು."

ಕೇಳಿಸುವ ಭಯವಿರಲಿಲ್ಲ. ಅತ್ತೆ ಕಿವಿಗೆ ದೊಡ್ಡ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಪ್ರೆಸ್ಸು ಅವರು ಕಟ್ಟಿದ್ದು. ಎರಡು ವರ್ಷದ ಹಿಂದೆ ಎಲ್ಲರೆದುರು, "ಆ ಮೊದಲನೇ ಮಷಿನ್ನು ಶುಕ್ರವಾರ ದಾಟಲ್ಲ, ಬಿಚ್ಚಿಸಿ ನೋಡಿ" ಅಂದಿದ್ದರು. ಅತ್ತೆ ಹೇಳಿದ್ದನ್ನು ಎಲ್ಲರೆದುರು ಕೇಳುವ ಗಂಡಸಲ್ಲ ಮಾಲೀಕ, ಬಿಚ್ಚಿಸಲಿಲ್ಲ. ಅದು ಶುಕ್ರವಾರ ಕೆಟ್ಟಿತು. ಶನಿವಾರದಿಂದ ಅತ್ತೆಯವರು ಮನೆಯಲ್ಲೇ ಆರಾಮಾಗಿರಬೇಕೆಂದು ತೀರ್ಮಾನವಾಯಿತು. ಅಂದಿನಿಂದ ಪ್ರೆಸ್ಸು ಒಂದು ದಿನವೂ ನಿಂತಿರಲಿಲ್ಲ. ಇದು ತನ್ನ ಆಡಳಿತದ ಮಹಿಮೆ ಎಂದು ಮಾಲೀಕ ಬಂದವರಿಗೆಲ್ಲ ಹೇಳುತ್ತಿದ್ದ.

ಬುಧವಾರ ಒಂದೂವರೆಗೆ ಅವನು ಬಾಗಿಲು ತಟ್ಟದೆ ನುಗ್ಗಿದ. ಪರದೆಯ ಮೇಲೆ ನೀಲಿ ಪಟ್ಟಿ ಅರ್ಧಕ್ಕೆ ಬಂದಿತ್ತು. ಗೋಡೆಯಿಂದ ಇಂಟರ್ನೆಟ್ ವೈರು ಕಿತ್ತ.

"ಅಯ್ಯೋ, ಮತ್ತೆ ಮೊದಲಿಂದ ಏರಿಸ್ಬೇಕಲ್ಲ ಸಾರ್!"

"ಏನೂ ಏರಿಸ್ಬೇಕಾಗಿಲ್ಲ. ತೆಗೀರಿ ಫೈಲು."

ಫೋರ್‌ಮನ್ ತೆಗೆದ. ಪ್ರಶ್ನೆ ಇರಲಿಲ್ಲ. ಚಿತ್ರ ಇರಲಿಲ್ಲ. ಬರೀ ಸದ್ದು, ಮಷಿನ್‌ಗಳ ಬಳಿ ಸಿಕ್ಕಿಸಿದ್ದ ಮೈಕು ಹಿಡಿದದ್ದು. ಧಡ್ ಧಡ್ ಚಿಸ್, ಧಡ್ ಧಡ್ ಚಿಸ್. ಗಂಟೆಗಟ್ಟಲೆ. ನಡುವೆ ಯಾರೋ ಕಿರುಚಿದರು: "ಇಂಕ್ ಕಮ್ಮಿ ಮಾಡ್ರೋ, ಕತ್ತೆಗಳಾ!"

ಅದು ಮಾಲೀಕನದೇ ಧ್ವನಿ.

"ನನ್ನ ಮಾತನ್ನೇ ಕದ್ದು ರೆಕಾರ್ಡ್ ಮಾಡ್ತಿದೀರಾ?" ಅಂದ ಮಾಲೀಕ. ಪ್ರಶ್ನೆಪತ್ರಿಕೆ ಯಾವ ಲಾರಿಯಲ್ಲಿ, ಯಾವತ್ತು, ಯಾವ ದಾರಿಯಲ್ಲಿ ಹೋಗುತ್ತದೆಂದು ಅವನು ಕೂಗಿ ಹೇಳುತ್ತಿದ್ದದ್ದೂ ಆ ಮಷಿನ್‌ಗಳ ಮಧ್ಯೆ ನಿಂತೇ.

"ನಿಮ್ಮ ಮಾತು ಯಾರಿಗೂ ಬೇಡ ಸಾರ್," ಅಂದ ಫೋರ್‌ಮನ್, ಸಮಾಧಾನ ಮಾಡುವವನ ಹಾಗೆ. "ಅದು ಬಂದಾಗ ಅವರು ಮುಂದೆ ಓಡಿಸ್ತಾರೆ."

ಮಾಲೀಕ ಮೇಜಿನ ಮೇಲೆ ಎರಡು ಕಾಗದ ಇಟ್ಟ. ಒಂದು, ಕೆಲಸದಿಂದ ವಜಾ ಮಾಡಿದ ಪತ್ರ. ಇನ್ನೊಂದು, ಪೊಲೀಸ್ ದೂರು. ಪತ್ರಕ್ಕೆ ಆಗಲೇ ಸಹಿ ಬಿದ್ದಿತ್ತು.

"ದೂರಿಗೆ ಸಹಿ ಹಾಕೋ ಮುಂಚೆ ಒಂದು ಅವಕಾಶ ಕೊಡ್ತೀನಿ. ಆ ಸ್ನೇಹಿತನಿಗೆ ಈಗ್ಲೇ ನಿಮ್ಮ ಕೋಣೆಯ ಫೋನಿಂದ್ಲೇ ಹಚ್ಚಿ. ಸ್ಪೀಕರ್ ಹಾಕಿ. ನೀವು ಒಂದಕ್ಷರ ಮಾತಾಡ್ಬಾರ್ದು."

ಮೂವತ್ತು ವರ್ಷದಲ್ಲಿ ಮೊದಲ ಸಲ ಫೋರ್‌ಮನ್ ಕೈ ಮುಗಿದ.

"ಬೇಡ ಸಾರ್. ನನ್ನ ಕೆಲಸ ಹೋದ್ರೆ ಹೋಗ್ಲಿ. ಅವರನ್ನ ಎಳೀಬೇಡಿ."

"ಹಚ್ಚಿ."

ಫೋರ್‌ಮನ್ ನಂಬರ್ ಒತ್ತಿದ. ಎರಡು ರಿಂಗು. ಆ ಕಡೆ ಎತ್ತಿದವರು ಹಲೋ ಕೂಡ ಅನ್ನಲಿಲ್ಲ.

"ಇವತ್ತಿನದು ಇನ್ನೂ ಬಂದಿಲ್ವಲ್ಲಪ್ಪ? ಇರ್ಲಿ, ನಿನ್ನೇದನ್ನೇ ಮೂರು ಸಲ ಕೇಳ್ದೆ. ಎರಡನೇ ಮಷಿನ್ನು, ಎಡಗಡೆ ಬೇರಿಂಗು, ಸಣ್ಣಗೆ ಕುಯ್‌ಗುಡ್ತಿದೆ. ಇವತ್ತೇ ಬದಲಾಯಿಸಿಬಿಡಿ, ನಾಳೆಗೆ ನಿಂತೋಗತ್ತೆ. ನಾನು ಹೇಳಿದ್ದು ಅಂತ ಮಾತ್ರ ಬಾಯಿಬಿಡ್ಬೇಡಿ, ನಮ್ಮ ಅಳಿಯಂದ್ರು ಬೇಕಂತ್ಲೇ ರಿಪೇರಿ ಮಾಡ್ಸಲ್ಲ."